ಎಡಗಿವಿಯ ಅಕ್ಕ

ಕೆಲಸವಿದ್ದ ದಿನಗಳಲ್ಲಿ ನಮ್ಮ ಅತ್ತಿಗೆ ಒಬ್ಬ ಹುಡುಗ. ಮೊಣಕಾಲಿನ ಮೇಲೆ ಸದಾ ಒಂದು ಗಾಯ, ಜೇಬಿನ ತುಂಬ ಕಸ, ಬಾಯಿಬಿಟ್ಟರೆ ಜಗಳ, ಅಂಥ ಹುಡುಗ. ಜಪಾನಿನ ಕಾರ್ಟೂನಿನವನು. ಸಂಜೆ ಹೊತ್ತು ಟೀವಿಯಲ್ಲಿ ನಮ್ಮ ಭಾಷೆ ಮಾತಾಡಿಕೊಂಡು ಬರುತ್ತಿದ್ದ. ಅವನ ಬಾಯಿಯನ್ನು ಬರೆದವರು ಅಲ್ಲಿಯವರು, ಅದರಿಂದ ಹೊರಡುತ್ತಿದ್ದ ಮಾತು ಅತ್ತಿಗೆಯದು. ಬೀದಿಯ ಮಕ್ಕಳು ಅವನ ಹಾಗೆ ಮಾತಾಡಲು ಹೋಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರು. ಅದೇ ಹುಡುಗ ಕನ್ನಡಕ ಮೂಗಿಗೆ ಜಾರಿಸಿಕೊಂಡು, ಕೈಚೀಲ ಹಿಡಿದು, ಪಕ್ಕದಲ್ಲೇ ನಿಂತು ಆಲೂಗಡ್ಡೆ ಆರಿಸುತ್ತಿದ್ದಾನೆ ಎಂದು ಅವರಿಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ. ಆಲೂಗಡ್ಡೆ ಕೊಳ್ಳುವ ಅತ್ತಿಗೆಯ ದನಿಯೇ ಬೇರೆ, ದಾರದಷ್ಟು ಸಣ್ಣ. ಅಂಗಡಿಯವನು ಪ್ರತಿಸಲವೂ ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ನಾನು ಅವರ ನಾದಿನಿ. ಡಬ್ಬಿಂಗ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವವಳು. ಇರುವುದು ಅಣ್ಣನ ಮನೆಯಲ್ಲೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಬೇರೆ ಸಂಸಾರ ಆಗಿಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದುದು ನಿಜವಾಯಿತು. ಸ್ಟುಡಿಯೋದಲ್ಲಿ ಗಾಜಿನ ಈಚೆ ನಾನು, ಆಚೆ ಮೈಕಿನ ಮುಂದೆ ಅತ್ತಿಗೆ. ಮನೆಯಲ್ಲಿ ಒಲೆಯ ಈಚೆ ನಾನು, ಆಚೆ ಅತ್ತಿಗೆ. ಅವರ ದನಿಯನ್ನು ನನ್ನಷ್ಟು ಕೇಳಿದವರು ಯಾರೂ ಇಲ್ಲ ಎಂದು ನನಗೆ ಜಂಬವಿತ್ತು.

ಅವರನ್ನು ಈ ಕೆಲಸಕ್ಕೆ ಎಳೆದು ತಂದವಳೂ ನಾನೇ. ಮಗಳು ಮದುವೆಯಾಗಿ ದೂರ ಹೋದ ಮೇಲೆ ಮನೆಯಲ್ಲಿ ಅತ್ತಿಗೆಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ಸ್ಟುಡಿಯೋದಲ್ಲಿ ರೈಲು ತಪ್ಪಿದ ಜನರ ಗದ್ದಲ ರೆಕಾರ್ಡ್ ಮಾಡಬೇಕಿತ್ತು, ಬಾಯಿಗಳು ಸಾಲದೆ ಬಂದವು. ಗುಂಪಿನಲ್ಲಿ ನಿಂತು ಸುಮ್ಮನೆ ಕೂಗಿದರೆ ಸಾಕು ಎಂದು ಕರೆದೊಯ್ದೆ. ಎಲ್ಲರೂ ಕೂಗಿದರು. ನಮ್ಮ ಡಬ್ಬಿಂಗ್ ನಿರ್ದೇಶಕರು, ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ, ತಟ್ಟನೆ ಕೈ ಎತ್ತಿ ನಿಲ್ಲಿಸಿದರು. ಈ ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ, ಯಾರವನು ಎಂದು ಕೇಳಿದರು. ಎಲ್ಲರೂ ಹಿಂದೆ ಮುಂದೆ ನೋಡಿಕೊಂಡರು. ಅತ್ತಿಗೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೂಲೆಗೆ ಸರಿದಿದ್ದರು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ.

ಹೀಗೆ ಅವರು ಹುಡುಗನಾದರು. ನಿಜವಾದ ಹುಡುಗನನ್ನು ಹಿಡಿದು ತಂದರೆ ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಅವನ ದನಿ ಒಡೆದುಹೋಗುತ್ತದೆ, ಹೆಂಗಸಿನ ದನಿಗೆ ಆ ಭಯವಿಲ್ಲ ಎಂದರು ಮೇಷ್ಟ್ರು. ಜಪಾನಿನಲ್ಲೂ ಇವನಿಗೆ ದನಿ ಕೊಡುವುದು ಒಬ್ಬ ಹೆಂಗಸೇ ಎಂದೂ ಹೇಳಿದರು. ಅತ್ತಿಗೆ ನಂಬಲಿಲ್ಲ. ನಾನು ಕಂಪ್ಯೂಟರಿನಲ್ಲಿ ಹುಡುಕಿ ಫೋಟೋ ತೋರಿಸಿದೆ. ಅತ್ತಿಗೆಗಿಂತ ಹಿರಿಯರು, ಕುಳ್ಳಗಿನ ಆಳು. ಮೋಟು ಕೂದಲು, ಮೊಣಕೈವರೆಗೆ ಮಡಚಿದ ಉಣ್ಣೆಯ ಅಂಗಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಮೈಕಿನ ಮುಂದೆ ಕಾಲು ಅಗಲಿಸಿ ನಿಂತು ಕೂಗುತ್ತಿದ್ದರು. ಅತ್ತಿಗೆ ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದು ನೋಡಿದರು.

"ಬಾಯಿ ಎಷ್ಟು ಅಗಲ ತೆಗೆದಿದ್ದಾರೆ ನೋಡು," ಎಂದರು.

ಆ ಹೆಂಗಸಿನ ಹೆಸರು ಅತ್ತಿಗೆಯ ನಾಲಿಗೆಗೆ ಒಗ್ಗಲಿಲ್ಲ. ಅಂದಿನಿಂದ ಅವರು ಅಕ್ಕ ಆದರು.

ನಮ್ಮ ಕೆಲಸ ಹೀಗೆ. ಎಡಗಿವಿಯಲ್ಲಿ ಮೂಲದ ಜಪಾನಿ ಮಾತು ಕೇಳುತ್ತಿರುತ್ತದೆ. ಬಲಗಿವಿ ಬಿಡುವಾಗಿರುತ್ತದೆ, ತನ್ನ ದನಿಯನ್ನು ತಾನು ಕೇಳಿಕೊಳ್ಳಲು. ಎದುರಿನ ಪರದೆಯ ಮೇಲೆ ಬಾಯಿ ಆಡಿದಂತೆ ಮಾತು ಕೂಡಿಸಬೇಕು. ಫ್ಯಾನು ಹಾಕುವಂತಿಲ್ಲ, ಗರಿಗರಿ ಬಟ್ಟೆ ಉಡುವಂತಿಲ್ಲ, ಹಸಿದುಕೊಂಡು ಬರುವಂತಿಲ್ಲ. ಹೊಟ್ಟೆ ಗುರುಗುಟ್ಟಿದರೂ ಮೈಕಿಗೆ ಕೇಳುತ್ತದೆ. ಎಷ್ಟೋ ಕಲಾವಿದರು ಕಾಗದದಲ್ಲಿ ಬರೆದದ್ದನ್ನು ಓದಿ, ಬಾಯಿಗೆ ಬಾಯಿ ಕೂಡಿಸಿ, ಮನೆಗೆ ಹೋಗುತ್ತಾರೆ. ಅತ್ತಿಗೆ ಮಾತ್ರ ಮೊದಲು ಕಣ್ಣು ಮುಚ್ಚಿ ಅಕ್ಕನನ್ನು ಕೇಳುತ್ತಿದ್ದರು. ಎಡಗಿವಿಯನ್ನು ಅಕ್ಕನಿಗೆ ಬರೆದುಕೊಟ್ಟುಬಿಟ್ಟಿದ್ದೇನೆ ಎಂದು ನಗುತ್ತಿದ್ದರು.

ಕೇಳಿದ್ದನ್ನು ಚಹಾ ಕುಡಿಯುವಾಗ ನನಗೆ ಬಿಡಿಸಿ ಹೇಳುತ್ತಿದ್ದರು. ಹುಡುಗ ಸುಳ್ಳು ಹೇಳುವ ಮುಂಚೆ ಅಕ್ಕ ಮೂಗಿನಲ್ಲಿ ಸಣ್ಣಗೆ ಉಸಿರು ಎಳೆಯುತ್ತಾರಂತೆ. ನಿಜ ಹೇಳುವಾಗ ಎಳೆಯುವುದಿಲ್ಲವಂತೆ. ಅಳು ಬಂದಾಗ ಅಕ್ಕ ಬಿಕ್ಕುವುದಿಲ್ಲ, ಉಗುಳು ನುಂಗುತ್ತಾರೆ, ಆ ನುಂಗಿದ್ದರಲ್ಲೇ ಅಳುವೆಲ್ಲ ಇರುತ್ತದೆ. ಹುಡುಗ ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡುವಾಗ ಅಕ್ಕ ನಿಜವಾಗಿಯೂ ಏನೋ ಅಗಿಯುತ್ತಿರುತ್ತಾರೆ ಎಂದು ಅತ್ತಿಗೆ ಹಠ ಹಿಡಿದು, ತಾವೂ ಒಂದು ತುಂಡು ಬ್ರೆಡ್ಡು ತಂದಿಟ್ಟುಕೊಂಡರು. ಆ ಬ್ರೆಡ್ಡಿನ ಚೂರುಗಳನ್ನು ಮೈಕಿನ ಬುಡದಿಂದ ಗುಡಿಸಿದವಳು ನಾನು.

ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಒಂದೇ ಒಂದು ಮಾತು. ಜಪಾನಿನವರು ಹೊರಗಿನಿಂದ ಮನೆಗೆ ಬಂದಾಗ ಬಾಗಿಲಲ್ಲೇ ನಿಂತು ಬಂದೆನೆಂದು ಹೇಳುತ್ತಾರಂತೆ. ನಮ್ಮ ಹುಡುಗನೂ ಪ್ರತಿ ಕಂತಿನ ಕೊನೆಗೆ ಹೊಡೆದಾಡಿಯೋ ಹೊಡೆಸಿಕೊಂಡೋ ಮನೆಗೆ ಬಂದು "ನಾನು ಬಂದೆ" ಎನ್ನುತ್ತಿದ್ದ. ಅದನ್ನು ಅಕ್ಕ ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಹೇಳುತ್ತಿರಲಿಲ್ಲ. ಗೆದ್ದು ಬಂದ ದಿನ ಒಂದು ಥರ, ಬೈಗುಳ ಕಾದಿರುವ ದಿನ ಇನ್ನೊಂದು ಥರ. ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಹೇಳುವ ದಿನ ಮತ್ತೂ ಬೇರೆ ಥರ.

ಖಳನಾಯಕರಿಗೆ ದನಿ ಕೊಡುವ ಹಿರಿಯ ಕಲಾವಿದರೊಬ್ಬರು ಒಮ್ಮೆ ಚಹಾದ ಹೊತ್ತಿಗೆ, ಹೆಂಗಸರು ಎಷ್ಟೇ ತಿಪ್ಪರಲಾಗ ಹಾಕಿದರೂ ಗಂಡುದನಿ ಮಾಡಲಾಗುವುದಿಲ್ಲ ಎಂದು ಶುರುಮಾಡಿದರು. ನಾನು ತೋಳೇರಿಸುವಷ್ಟರಲ್ಲಿ ಅತ್ತಿಗೆ ತಮ್ಮ ದಾರದಂಥ ದನಿಯಲ್ಲಿ ಹೇಳಿದರು: "ಅಕ್ಕ ಹುಡುಗನ ದನಿ ಮಾಡಲ್ಲ. ತನ್ನ ದನೀನ ಹುಡುಗನಿಗೆ ಕೊಡ್ತಾರೆ." ಆ ಮಾತು ನನಗೆ ಅಂದು ಅರ್ಥವಾಗಲಿಲ್ಲ.

ಇನ್ನು ಅಣ್ಣನ ವಿಷಯ. ಅಣ್ಣ ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಮುಚ್ಚಳ ಕತ್ತರಿಸುವ ಯಂತ್ರದ ಮುಂದೆ ಆಯುಷ್ಯ ಕಳೆದವನು. ಆ ಯಂತ್ರ ಬಡಿಯುತ್ತಿದ್ದರೆ ನೆಲವೇ ಅದುರುತ್ತದೆ. ಕಿವಿಗೆ ಏನಾದರೂ ಹಾಕಿಕೋ ಎಂದು ಹೇಳಿ ಹೇಳಿ ಸಾಕಾಯಿತು. ಕೊನೆಗೆ ಕಿವಿ ಕೈಕೊಟ್ಟಿತು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಸಣ್ಣ ದನಿಗಳು ಮೊದಲು ಹೋಗುತ್ತವೆ, ದಪ್ಪ ದನಿಗಳು ಇನ್ನೂ ಬಹಳ ಕಾಲ ಉಳಿಯುತ್ತವೆ ಎಂದರು. ಲಾರಿ ಕೇಳುತ್ತೆ, ಹಕ್ಕಿ ಕೇಳಲ್ಲ, ಅಷ್ಟೇ. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಯಂತ್ರ ಕುಂಯ್ ಎನ್ನುತ್ತದೆ ಎಂದು ಅಣ್ಣ ಅದನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದ.

ಹಕ್ಕಿಯ ಜೊತೆಗೆ ಅತ್ತಿಗೆಯೂ ಹೋದರು. ಮೊದಮೊದಲು ಅಣ್ಣ ಪ್ರತಿ ಮಾತಿಗೂ "ಏನು?" ಎನ್ನುತ್ತಿದ್ದ. ಆಮೇಲೆ ಅವನಿಗೇ ನಾಚಿಕೆಯಾಗಿ, ಕೇಳಲಿ ಬಿಡಲಿ, ಎಲ್ಲದಕ್ಕೂ "ಹೂಂ" ಎನ್ನತೊಡಗಿದ. ಹಾಲು ಮುಗಿದಿದೆ ಎಂದರೆ ಹೂಂ. ಮಗಳಿಗೆ ಜ್ವರವಂತೆ ಎಂದರೆ ಹೂಂ. ಅದು ಸುಳ್ಳು ಹೂಂ ಎಂದು ಅತ್ತಿಗೆಗೆ ಗೊತ್ತಾಗುತ್ತಿತ್ತು. ಗೊತ್ತಾಗಿದೆ ಎಂದು ಅಣ್ಣನಿಗೂ ಗೊತ್ತಿತ್ತು. ಒಂದು ಕಾಲಕ್ಕೆ ಊಟಕ್ಕೆ ಕೂತರೆ ಏಳುವುದನ್ನೇ ಮರೆಯುವಷ್ಟು ಮಾತಾಡುತ್ತಿದ್ದ ಗಂಡ ಹೆಂಡತಿ. ಈಗ ಇಬ್ಬರ ನಡುವೆ ತಟ್ಟೆಯ ಸದ್ದಷ್ಟೇ ಉಳಿಯಿತು. ಅಣ್ಣ ಮನುಷ್ಯರಿಂದ ಮುಖ ತಿರುಗಿಸಿ ಟೀವಿಯ ಕಡೆಗೆ ಹೊರಳಿದ.

ಟೀವಿಯಲ್ಲಿ ಆ ಹುಡುಗ ಬಂದರೆ ಅಣ್ಣನ ಮುಖ ಅರಳುತ್ತಿತ್ತು. ನಗಬೇಕಾದ ಕಡೆ ನಗುತ್ತಿದ್ದ. ಒಬ್ಬನೇ ಕೂತು, ಅಲ್ಲಿ ಹೋಗಬೇಡ ಕಣೋ ಎಂದು ಅವನಿಗೆ ಬುದ್ಧಿ ಹೇಳುತ್ತಿದ್ದ. "ಅವನೊಬ್ಬನ ಮಾತು ನನಗೆ ಪೂರ್ತಿ ಕೇಳುತ್ತೆ," ಎಂದು ಒಂದು ಸಲ ನನಗೆ ಹೇಳಿದ. ಅದು ತನ್ನ ಹೆಂಡತಿಯ ಕೆಲಸವೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ. ಇಷ್ಟು ಮೆತ್ತಗಿನ ಹೆಂಗಸು ಅಂಥ ದನಿ ಹೇಗೆ ಮಾಡುತ್ತಾಳೋ, ದೊಡ್ಡ ನಟಿ ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದವನು ಅವನು. ಮನೆಯಲ್ಲೂ ಆ ನಾಟಕ ಆಡಲು ನಿನ್ನ ಅತ್ತಿಗೆಗೆ ಹೇಳು ಎಂದು ನಕ್ಕ. ಒಲೆಯ ಮುಂದಿದ್ದ ಅತ್ತಿಗೆಯ ಕೈ ನಿಂತಿತು. ಅವರು ತಿರುಗಿ ನೋಡಲಿಲ್ಲ.

ಆಮೇಲೆ ಬಿಸಿನೀರಿನ ದಿನ ಬಂತು. ನಾನು ಸ್ಟುಡಿಯೋದಿಂದ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಟೀವಿ ಗಟ್ಟಿಯಾಗಿ ಕೂಗುತ್ತಿತ್ತು, ಅಣ್ಣ ಅದರ ಮುಂದೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಅಡುಗೆಮನೆಯ ನೆಲದ ಮೇಲೆ ಅತ್ತಿಗೆ ಕೂತಿದ್ದರು. ಪಾತ್ರೆ ಉರುಳಿ ಕಾದ ನೀರೆಲ್ಲ ಪಾದದ ಮೇಲೆ ಬಿದ್ದಿತ್ತು. ಚರ್ಮ ಕೆಂಪಗೆ ಎದ್ದಿತ್ತು. ತಣ್ಣೀರು ಹುಯ್ಯುತ್ತಾ ನಾನು ರೇಗಿದೆ.

"ಜೋರಾಗಿ ಕೂಗೋಕೆ ಏನಾಗಿತ್ತು ನಿಮಗೆ?"

"ಕೂಗಿದೆ," ಎಂದರು ಅತ್ತಿಗೆ. ಪಕ್ಕದಲ್ಲಿದ್ದ ನನಗೇ ಆ ಮಾತು ಸರಿಯಾಗಿ ಕೇಳಲಿಲ್ಲ. ಆಚೆ ಕೋಣೆಯಲ್ಲಿ ಅವರದೇ ದನಿ ಗಂಟಲು ಹರಿಯುವಂತೆ ಯಾರನ್ನೋ ಬೈಯುತ್ತಿತ್ತು.

ನಾನು ಹೋಗಿ ಕರೆದ ಮೇಲೆ ಅಣ್ಣ ಓಡಿಬಂದು ನೋಡಿದವನು ಮಂಕಾಗಿಬಿಟ್ಟ. ಅಂದಿನಿಂದ ಟೀವಿಯ ಸದ್ದು ತಗ್ಗಿಸಿದ, ತಗ್ಗಿಸಿದರೆ ಏನೂ ಕೇಳದೆ ಗೋಡೆ ನೋಡಿಕೊಂಡು ಕೂತ. ಇಬ್ಬರಿಗೂ ತಪ್ಪು ತಮ್ಮದೇ ಎಂಬ ಭಾವನೆ. ಒಂದೇ ಮನೆಯಲ್ಲಿ ಇಬ್ಬರು ಒಂಟಿಯಾಗುವುದನ್ನು ನಾನು ಕಣ್ಣಾರೆ ಕಂಡೆ. ನನಗೆ ಸಿಟ್ಟು ಬಂತು, ಆದರೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಕಾರ್ಟೂನಿನ ಕೊನೆಯ ಕಂತುಗಳು ಬಂದವು. ಇನ್ನು ಮುಂದೆ ಈ ಹುಡುಗ ಇಲ್ಲ ಎಂದು ಮೇಷ್ಟ್ರು ಹೇಳಿದರು. ಅತ್ತಿಗೆ ಸುಮ್ಮನೆ ತಲೆಯಾಡಿಸಿದರು. ಅಣ್ಣನಿಗೆ ಕೇಳುವ ಒಂದೇ ಒಂದು ದನಿಯೂ ಇನ್ನು ನಿಂತುಹೋಗುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವರೂ ಹಾಕುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಆ ಕಂತುಗಳಲ್ಲಿ ಒಂದರ ದನಿಯನ್ನು ಜಪಾನಿನವರು ಅವಸರದಲ್ಲಿ, ಬೇಡದ ಸದ್ದು ತೆಗೆದು ಶುಚಿ ಮಾಡದೆ ಕಳಿಸಿದ್ದರು. ನಮಗೆ ಅದು ಗೊತ್ತಿರಲಿಲ್ಲ. ಹುಡುಗ ಬೆಟ್ಟದ ತುದಿಯಲ್ಲಿ ನಿಂತು ಉದ್ದಕ್ಕೆ ಕೂಗುವ ಜಾಗ. ಅತ್ತಿಗೆ ಎಡಗಿವಿಗೆ ಅಕ್ಕನನ್ನು ಹಾಕಿಕೊಂಡು ಜೊತೆಜೊತೆಗೇ ಕೂಗಿದರು. ಕೂಗು ಮುಗಿಯಿತು. ಆಮೇಲೆ ಅತ್ತಿಗೆ ಕೆಮ್ಮಿದರು. ಕೆಮ್ಮಿ, ಬಾಯಿಗೆ ಬಂದಂತೆ ಎರಡು ಮೂರು ಜಪಾನಿ ಶಬ್ದ ಹೇಳಿ, ಅರ್ಧ ನಕ್ಕರು. ಪರದೆಯ ಮೇಲೆ ಹುಡುಗನ ಬಾಯಿ ಎಂದೋ ಮುಚ್ಚಿತ್ತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಆಗಿದ್ದು ಇಷ್ಟೇ: ಕೂಗಿದ ಮೇಲೆ ಅಕ್ಕನಿಗೆ ಕೆಮ್ಮು ಬಂದಿತ್ತು, ಅವರು ಅಲ್ಲಿದ್ದವರ ಹತ್ತಿರ ಏನೋ ಹೇಳಿ ನಕ್ಕಿದ್ದರು. ಅದು ಹಾಗೇ ಉಳಿದುಕೊಂಡಿತ್ತು. ವರ್ಷಗಟ್ಟಲೆ ಅಕ್ಕನ ಉಸಿರಿಗೆ ಉಸಿರು ಕೂಡಿಸಿದ ಅತ್ತಿಗೆಯ ಬಾಯಿ, ತಲೆಯನ್ನು ಕೇಳದೆ, ಅದನ್ನೂ ಮಾಡಿಬಿಟ್ಟಿತ್ತು.

ಅತ್ತಿಗೆ ನಗಲಿಲ್ಲ. ಗಾಜಿನ ಆಚೆ ಕಲ್ಲಾಗಿ ನಿಂತಿದ್ದರು.

"ಅದನ್ನ ಇನ್ನೊಂದು ಸಲ ಹಾಕು," ಎಂದರು.

ನನ್ನ ಕೈ ಗುಂಡಿಯ ಮೇಲೇ ನಿಂತಿತು. ಅತ್ತಿಗೆ ಈಗ ಮಾತಾಡಿದ ಆ ದನಿ ಹುಡುಗನದಲ್ಲ. ಮನೆಯ ದಾರದಂಥ ದನಿಯೂ ಅಲ್ಲ. ದಪ್ಪಗೆ, ತುಂಬಿಕೊಂಡು, ಎದೆಯಿಂದ ಎದ್ದುಬಂದ ಒಬ್ಬ ಹೆಂಗಸಿನ ದನಿ. ಅದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಕಿದೆ. ನಾನೂ ಕಿವಿಗೊಟ್ಟೆ. ಅಕ್ಕನ ಕೆಮ್ಮು, ಅಕ್ಕನ ಸ್ವಂತ ಮಾತು, ಅಕ್ಕನ ನಗು. ಅದೂ ದಪ್ಪ ದನಿಯೇ. ಮುಚ್ಚಿಕೊಳ್ಳದ, ತಗ್ಗಿಸದ ದನಿ. ಕ್ಷಮಿಸಿ, ಮತ್ತೊಮ್ಮೆ ಮಾಡೋಣ ಎಂದಿರಬೇಕು ಎಂದು ಮೇಷ್ಟ್ರು ಊಹಿಸಿ, ಚಹಾಕ್ಕೆಂದು ಎದ್ದುಹೋದರು.

ಅತ್ತಿಗೆ ಈಚೆ ಬಂದು ನನ್ನ ಪಕ್ಕ ಕೂತರು. ಅಂದು ಅವರು ಹೇಳಿದ್ದನ್ನೆಲ್ಲ ಆ ಹೊಸ ದನಿಯಲ್ಲೇ ಹೇಳಿದರು. ಚಿಕ್ಕವರಿದ್ದಾಗ ಪಾಠ ಗಟ್ಟಿಯಾಗಿ ಓದುತ್ತಿದ್ದರೆ, ಒಳಗೆ ಯಾವ ಗಂಡಸು ಬಂದಿದ್ದಾನೆ ಎಂದು ಬಂದವರು ಕೇಳುತ್ತಿದ್ದರಂತೆ. ಅವರ ಅಮ್ಮನಿಗೆ ಅದೇ ಚಿಂತೆ. ಅಮ್ಮನ ತಂಗಿಗೂ ಇಂಥದೇ ದನಿ. ಜನರ ಗೇಲಿಗೆ ಹೆದರಿ ಆ ಚಿಕ್ಕಮ್ಮ ಕೊನೆಕೊನೆಗೆ ಬಾಯಿಬಿಡುವುದನ್ನೇ ಬಿಟ್ಟಿದ್ದರಂತೆ. ಮಗಳಿಗೂ ಹಾಗಾಗದಿರಲಿ ಎಂದು ಅಮ್ಮ ಕೂರಿಸಿಕೊಂಡು ಕಲಿಸಿದರು: ಗಂಟಲಿನ ತುದಿಯಿಂದ ಮಾತಾಡು, ಉಸಿರು ಕಡಿಮೆ ಮಾಡು, ಬಾಯಿ ಅಗಲ ತೆಗೆಯಬೇಡ. ಮದುವೆಯ ಮಾತಿಗೆ ಅಣ್ಣ ಬಂದ ದಿನ ಅತ್ತಿಗೆ ಹಾಗೇ ಮಾತಾಡಿದರು. ಆ ದಿನ ನನಗೂ ನೆನಪಿದೆ. ಎಷ್ಟು ಮೆತ್ತಗೆ ಮಾತಾಡ್ತಾಳೆ ಎಂದು ಅಣ್ಣ ದಾರಿಯುದ್ದಕ್ಕೂ ಅದನ್ನೇ ಹೇಳಿ ನಮ್ಮ ತಲೆ ತಿಂದಿದ್ದ.

ಹಾಗಾದರೆ ಇಷ್ಟು ಕಾಲ ಮೈಕಿನ ಮುಂದೆ ನಟನೆ ಎಂದು ನಾವು ಮೆಚ್ಚಿದ್ದು ನಟನೆಯೇ ಅಲ್ಲ. ನಟನೆ ನಡೆದದ್ದು ಮನೆಯಲ್ಲಿ. ನನ್ನ ಜಂಬ ಅಲ್ಲೇ ಇಳಿಯಿತು.

"ಅವರು ಮೆಚ್ಚಿದ್ದು ಆ ಮೆತ್ತಗಿನ ದನೀನ," ಎಂದರು ಅತ್ತಿಗೆ. "ಅದು ಸುಳ್ಳು ಅಂದರೆ, ಇಷ್ಟು ವರ್ಷ ನನ್ನ ಜೊತೆ ಇದ್ದದ್ದು ಯಾರು ಅಂತ ಕೇಳ್ತಾರೆ. ಏನು ಹೇಳಲಿ?"

"ಆ ದನಿ ಅಣ್ಣನಿಗೆ ಈಗ ಕೇಳೋದೇ ಇಲ್ಲವಲ್ಲ ಅತ್ತಿಗೆ. ಯಾರಿಗೋಸ್ಕರ ಅದನ್ನ ಉಳಿಸಿಕೊಂಡಿದ್ದೀರಿ?"

ಅತ್ತಿಗೆ ಅಕ್ಕನ ಆ ತುಣುಕನ್ನು ಕತ್ತರಿಸಿ ತಮ್ಮ ಫೋನಿಗೆ ಹಾಕಿಕೊಡಲು ಹೇಳಿದರು. ಆಮೇಲೆ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಣಹಾಕುವಾಗ ಫೋನನ್ನು ಎಡಗಿವಿಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಮಾತಿನ ಅರ್ಥ ಗೊತ್ತಿಲ್ಲ, ತಿಳಿದುಕೊಳ್ಳಲೂ ಹೋಗಲಿಲ್ಲ. ಒಂದು ದಿನ ಮಾತ್ರ ನನಗೆ ಹೇಳಿದರು, ಅಕ್ಕ ಹುಡುಗನನ್ನು ಕೆಳಗಿಳಿಸಿದ ಮೇಲೂ ದನಿಯನ್ನು ಬಚ್ಚಿಡುವುದಿಲ್ಲ ನೋಡು, ಎಂದು. ಮನೆಯಲ್ಲಿ ಮಾತ್ರ ಅದೇ ದಾರ, ಅದೇ ಹೂಂ.

ಕೊನೆಯ ಕಂತಿನ ದಿನ ಬಂತು. ಹುಡುಗ ಬಹಳ ಕಾಲ ಊರೂರು ಅಲೆದು ಮನೆಗೆ ಮರಳುತ್ತಾನೆ. ಬಾಗಿಲಲ್ಲಿ ನಿಲ್ಲುತ್ತಾನೆ. ಅದೇ ಮಾತು ಹೇಳುತ್ತಾನೆ, ಕತೆ ಮುಗಿಯುತ್ತದೆ. ಅಕ್ಕ ಅದನ್ನು ಹೇಗೆ ಹೇಳಿದ್ದಾರೆ ಎಂದು ಕೇಳಲು ನಾವೆಲ್ಲ ಕಾದಿದ್ದೆವು. ಅಕ್ಕ ಅದನ್ನು ಮೆಲ್ಲಗೆ, ತಗ್ಗಿನಲ್ಲಿ ಹೇಳಿದ್ದರು. ಅದರಲ್ಲಿ ಹುಡುಗ ಸ್ವಲ್ಪವೇ ಇದ್ದ. ಕೆಮ್ಮಿದ ಮೇಲೆ ನಕ್ಕ ಆ ಹೆಂಗಸೇ ಹೆಚ್ಚಾಗಿದ್ದರು.

ಅತ್ತಿಗೆ ಅದನ್ನು ಮತ್ತೆ ಮತ್ತೆ ಕೇಳಿದರು. ಕೊನೆಗೆ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟರು. ಹಾಗೆ ಅವರು ಎಂದೂ ಮಾಡಿದವರಲ್ಲ. ಎರಡು ಕಿವಿಯನ್ನೂ ಬಿಡುವಾಗಿಟ್ಟುಕೊಂಡು, ಪರದೆಯ ಮೇಲಿನ ಬಾಗಿಲನ್ನೇ ನೋಡುತ್ತಾ, ಹೇಳಿದರು. ಮೇಷ್ಟ್ರು ಇನ್ನೊಂದು ಸಲ ಬೇಕೆನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅತ್ತಿಗೆ, ಗಂಟಲಿಗೆಂದು ಸ್ಟುಡಿಯೋಗೆ ಒಯ್ಯುತ್ತಿದ್ದ ಬಿಸಿನೀರಿನ ಫ್ಲಾಸ್ಕನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದರು. ಪಾದದ ಮೇಲಿನ ಸುಟ್ಟ ಕಲೆ ಚಪ್ಪಲಿಯ ಪಟ್ಟಿಯ ಪಕ್ಕ ಕಾಣುತ್ತಿತ್ತು. ಮನೆ ತಲುಪಿದಾಗ ಬಾಗಿಲು ತೆರೆದೇ ಇತ್ತು. ಅಣ್ಣ ನಮಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಟೀವಿ ಆರಿತ್ತು. ನಾನು ಒಳಗೆ ಹೆಜ್ಜೆ ಇಡಲು ಹೋದೆ, ಅತ್ತಿಗೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ನಾನು ಬಂದೆ," ಎಂದರು.

ಅಣ್ಣ ತಲೆ ಎತ್ತಿ ಮೊದಲು ನೋಡಿದ್ದು ಟೀವಿಯ ಕಡೆಗೆ. ಅದು ಆರಿಯೇ ಇತ್ತು. ಆಮೇಲೆ ನಿಧಾನಕ್ಕೆ ಬಾಗಿಲ ಕಡೆ ತಿರುಗಿದ. ಅತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅತ್ತಿಗೆಯನ್ನು ನೋಡಿದ.

"ಹುಡುಗನ ದನಿ ಮಾಡ್ತಿದ್ದೀಯಾ?" ಎಂದ.

"ಇಲ್ಲ. ಇದು ನಂದೇ. ಮೊದಲಿಂದಲೂ ಇದೇ ನಂದು."

"ಮತ್ತೆ ಇಷ್ಟು ದಿನ ಮನೆಯಲ್ಲಿ ಮಾತಾಡ್ತಿದ್ದದ್ದು?"

"ಅದು ಡಬ್ಬಿಂಗು," ಎಂದರು ಅತ್ತಿಗೆ.

ನನಗೆ ನಗು ಬಂತು. ಅಣ್ಣ ನಗಲಿಲ್ಲ. ಅವನ ಮುಖ ಗಂಟಿಕ್ಕಿತು. ಎದ್ದು ಕಿಟಕಿಗೆ ಮುಖ ಮಾಡಿ ಬೀದಿ ನೋಡುತ್ತಾ ನಿಂತ. ಅವನಿಗೆ ಸಿಟ್ಟು ಬಂದಿದೆಯೋ ಅಳು ಬಂದಿದೆಯೋ ಬೆನ್ನು ನೋಡಿ ಹೇಳುವಂತಿರಲಿಲ್ಲ. ಎರಡೂ ಬಂದಿದ್ದರೂ ತಪ್ಪಲ್ಲ ಎಂದು ನನಗನ್ನಿಸಿತು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬಾ ಎನ್ನುವವರೆಗೆ ಬರುವುದಿಲ್ಲ ಎಂಬಂತೆ.

"ಎಲ್ಲಿದ್ದೆ ಇಷ್ಟು ದಿನ?" ಎಂದ ಅಣ್ಣ, ತಿರುಗದೆ.

ಅತ್ತಿಗೆ ಉಗುಳು ನುಂಗಿದರು. ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ, ಅವನ ಪಕ್ಕದ ಕುರ್ಚಿ ಎಳೆದು ಕೂತರು. ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ನೀರು ಕುದಿದು ಅರ್ಧವಾದರೂ ಪುಡಿ ಹಾಕಲು ಮನಸ್ಸಾಗದೆ ಕೇಳುತ್ತಾ ನಿಂತೆ. ಅತ್ತಿಗೆ ಅಮ್ಮನಿಂದ ಶುರುಮಾಡಿದ್ದರು. ಚಿಕ್ಕಮ್ಮನ ವಿಷಯ, ಮದುವೆಯ ಮಾತಿನ ದಿನ, ಅಕ್ಕನ ಫೋಟೋ, ಅಕ್ಕನ ಕೆಮ್ಮು. ಆ ದನಿ ಮನೆಯ ಗೋಡೆಗಳಿಗೆ ಹೊಸದಾದ್ದರಿಂದಲೋ ಏನೋ, ಮೂಲೆಮೂಲೆಯಲ್ಲೂ ಕೇಳುತ್ತಿತ್ತು. ಕಿಟಕಿಯ ಹತ್ತಿರದ ಕುರ್ಚಿ ಸರಿದ ಸದ್ದಾಯಿತು, ಅಣ್ಣ ಕೂತಿರಬೇಕು. ಅತ್ತಿಗೆ ಮಾತು ನಿಲ್ಲಿಸಿದಾಗಲೆಲ್ಲ ಅವನು "ಹೂಂ" ಎನ್ನುತ್ತಿದ್ದ. ಅದು ಕೇಳಿಸಿಕೊಂಡವನ ಹೂಂ.